ಕೈ ಮುಗಿದರೆ ನಿಲ್ಲುವ ಗಾಡಿ

ಈಚೆಗೆ ನಾನು ದೇವರಿಗೆ ಕೈ ಮುಗಿಯುವುದನ್ನು ಕಡಿಮೆ ಮಾಡಿದ್ದೇನೆ. ಭಕ್ತಿ ಕಡಿಮೆಯಾಯಿತು ಎಂದು ತಿಳಿಯಬೇಡಿ. ಅದು ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಅಂದರೆ ಹೇಳಿಕೊಳ್ಳುವಷ್ಟೇನೂ ಇಲ್ಲ. ಕಾರಣ ಪೂರ್ತಿಯಾಗಿ ಸಂಚಾರಕ್ಕೆ ಸಂಬಂಧಿಸಿದ್ದು. ನನ್ನ ಗಾಡಿ ನಡೆಯುವುದು ನನ್ನ ಬಲಗೈ ಹೆಬ್ಬೆರಳಿನಿಂದ. ಹ್ಯಾಂಡಲಿನ ಪಕ್ಕದ ಪುಟ್ಟ ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಅದು ಮುಂದೆ ಹೋಗುತ್ತದೆ, ಬಿಟ್ಟರೆ ಗಕ್ಕನೆ ನಿಲ್ಲುತ್ತದೆ. ನಮ್ಮ ನಂಜನಗೂಡಿನಲ್ಲೋ, ಎತ್ತ ತಿರುಗಿದರೂ ಕೈ ಮುಗಿಯಬೇಕಾದ್ದು ಒಂದಲ್ಲ ಒಂದು ಇದ್ದೇ ಇರುತ್ತದೆ.

ನಮ್ಮೂರಿನವರು ದೊಡ್ಡ ದೇವಸ್ಥಾನದ ಮುಂದೆ ಹಾದುಹೋಗುವುದನ್ನು ನೀವು ಒಮ್ಮೆ ನಿಂತು ನೋಡಬೇಕು. ಬೈಕಿನವನು ಎಡಗೈಯನ್ನು ಎದೆಗೆ, ತುಟಿಗೆ, ಹಣೆಗೆ ಮುಟ್ಟಿಸಿ ಮತ್ತೆ ಹ್ಯಾಂಡಲಿಗೆ ತರುತ್ತಾನೆ. ಆಟೋದವನು ಕಿವಿಗೆ ಸಿಕ್ಕಿಸಿದ ಫೋನು ಬೀಳದ ಹಾಗೆ ತಲೆ ಬಾಗಿಸುತ್ತಾನೆ. ಬಸ್ಸಿನ ಡ್ರೈವರು ಸ್ಟಿಯರಿಂಗನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಇಷ್ಟರ ನಡುವೆಯೂ ಅವರವರ ಗಾಡಿಗಳು ತಮ್ಮ ಪಾಡಿಗೆ ಹೋಗುತ್ತಲೇ ಇರುತ್ತವೆ. ನಾನು ಮೊದಲ ಸಲ ಗಾಡಿ ಬಿಟ್ಟುಕೊಂಡು ಆ ಕಡೆ ಹೋದಾಗ, ಅಭ್ಯಾಸಬಲದಿಂದ ಎರಡೂ ಕೈ ಎತ್ತಿ ಮುಗಿದೆ. ಗಾಡಿ ರಸ್ತೆಯ ಮಧ್ಯದಲ್ಲಿ ಕಂಬದ ಹಾಗೆ ನಿಂತಿತು. ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನು ಬರುತ್ತಿದ್ದ. ಅವನ ಒಂದು ಕೈ ಎದೆಯ ಮೇಲಿತ್ತು. ಕ್ಯಾನುಗಳು ಢಣಢಣ ಎಂದವು, ಮೊಪೆಡ್ಡು ನನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಏನವ್ವಾ, ಮದ್ಯ ರೋಡ್ನಲ್ಲೇ ಪೂಜೆಗೆ ಕುಂತ್ಬುಟ್ರಾ?" ಎಂದ ಅವನು.

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈ ಗಾಡಿಯನ್ನು ನೋಡದವರಿಗೆ ಒಂದು ಮಾತು. ಇದು ನಡೆಯಲಾಗದವರು ಕೂತು ಓಡಾಡುವ ಬ್ಯಾಟರಿ ಸ್ಕೂಟರು. ಸ್ಕೂಟರೆಂದರೆ ಕಾಲೇಜಿನ ಹುಡುಗಿಯರದಲ್ಲ. ಒಂದು ಆರಾಮಕುರ್ಚಿಗೆ ಕೆಳಗೆ ನಾಲ್ಕು ಪುಟ್ಟ ಚಕ್ರ, ಮುಂದೆ ಹ್ಯಾಂಡಲು, ಹ್ಯಾಂಡಲಿಗೊಂದು ಬುಟ್ಟಿ ಸಿಕ್ಕಿಸಿದರೆ ಹೇಗೆ ಕಾಣುತ್ತದೋ ಹಾಗಿದೆ. ವೇಗ ಹೆಚ್ಚಿಸುವ ತಿರುಗುಗುಂಡಿಯ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ. ಮೊಲಕ್ಕೆ ತಿರುಗಿಸಿದರೂ ಚುರುಕಾಗಿ ನಡೆಯುವ ಮನುಷ್ಯ ನನ್ನನ್ನು ಹಿಂದೆ ಹಾಕುತ್ತಾನೆ. ನಮ್ಮ ಬೀದಿಯ ಮಕ್ಕಳು ಇದಕ್ಕೆ ಕರೆಂಟು ಕುರ್ಚಿ ಎಂದು ಹೆಸರಿಟ್ಟಿವೆ. ಆ ಹೆಸರಿನ ಇನ್ನೊಂದು ವಸ್ತು ಹೊರದೇಶದ ಜೈಲುಗಳಲ್ಲಿದೆ, ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಅವಕ್ಕೆ ಗೊತ್ತಿಲ್ಲ. ನಾನೂ ಹೇಳಲು ಹೋಗಿಲ್ಲ.

ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡ ಮೇಲೆ ನನ್ನ ಬಲಗಾಲು ಮನೆಯೊಳಗಿನ ಓಡಾಟಕ್ಕೆ ಮಾತ್ರ ಒಪ್ಪುತ್ತದೆ. ಕೋಲು ಹಿಡಿದು ಅಡುಗೆಮನೆಯಿಂದ ಜಗುಲಿಗೆ ಬರಬಲ್ಲೆ. ಬೀದಿಗೆ ಅದು ಬರುವುದಿಲ್ಲ. ಅದು ಬರದಿದ್ದರೆ ಬೇರೆಯವರು ಕರೆದುಕೊಂಡು ಹೋಗುತ್ತಾರಲ್ಲ ಎಂದು ನೀವು ಹೇಳಬಹುದು. ನಿಜ, ನಮ್ಮ ಜನಕ್ಕೆ ಅದೊಂದು ಕೈಗುಣ. ಯಾರಾದರೂ ಕಷ್ಟಪಡುತ್ತಿರುವುದು ಕಂಡರೆ ಕೇಳದೆ ಕೈ ಹಾಕುತ್ತಾರೆ. ನನ್ನ ನಾದಿನಿ ಸುಂದ್ರಮ್ಮನ ಮನೆ ತಿರುಮಕೂಡಲು ನರಸೀಪುರದ ಆಚೆ ಹೆಮ್ಮಿಗೆಯಲ್ಲಿದೆ. ಅವಳ ಮಗಳ ಮದುವೆಗೆ ಹೋದಾಗ ನಾನು ಬಾಗಿಲ ಮುಂದೆ ಕೋಲೂರಿ ಯೋಚಿಸುತ್ತ ನಿಂತಿದ್ದೇ ತಡ, ನಾಲ್ಕು ಜನ ಬಂದು ನನ್ನನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಯೇಬಿಟ್ಟರು. ವಾಲಗದವರು ಏನು ತಿಳಿದುಕೊಂಡರೋ, ಊದಲು ಶುರುಮಾಡಿದರು. ಮದುಮಗಳಿಗಿಂತ ಮುಂಚೆ ಮೆರವಣಿಗೆಯಲ್ಲಿ ಒಳಗೆ ಹೋದವಳು ನಾನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲೆಯ ಮುಂದೆ ಕೂತಾಗ ಮಾತ್ರ ಊಟ ಸೇರಲಿಲ್ಲ. ಇನ್ನು ಮೇಲೆ ನನ್ನನ್ನು ಯಾರೂ ಎತ್ತಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಈ ಗಾಡಿ ಬಂದದ್ದು ಆ ತೀರ್ಮಾನದಿಂದ.

ಆ ತೀರ್ಮಾನಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ನಾನು ರೇಷ್ಮೆ ಇಲಾಖೆಯಲ್ಲಿದ್ದವಳು. ಮೂಗೂರು, ಹೆಮ್ಮಿಗೆ ಅಂತ ಆ ಸೀಮೆಯ ಊರೂರಿಗೆ ಮೊಪೆಡ್ಡಿನಲ್ಲಿ ಹೋಗಿ, ಹುಳು ಸಾಕುವವರಿಗೆ ಸೊಪ್ಪು ಹೇಗೆ ಕತ್ತರಿಸಬೇಕು, ಹುಳುಮನೆ ಹೇಗೆ ತೊಳೆಯಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ಆ ದಾರಿಗಳ ಒಂದೊಂದು ಮೋರಿಯೂ ನನಗೆ ಗೊತ್ತಿತ್ತು. ಆಗ ನನ್ನ ದೊಡ್ಡ ಶತ್ರು ಹುರುಳಿ. ಸುಗ್ಗಿಯಲ್ಲಿ ಅಲ್ಲಿನ ರೈತರು ಒಣಗಿದ ಹುರುಳಿ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗಿಬರುವ ಲಾರಿ, ಬಸ್ಸು ಅದರ ಮೇಲೆ ಹರಿದು ಕಾಳು ಬಿಡಿಸಿಕೊಡಬೇಕು. ಲಾರಿಗೆ ಅದು ಲೆಕ್ಕಕ್ಕಿಲ್ಲ. ಮೊಪೆಡ್ಡಿನ ಚಕ್ರಕ್ಕೆ ಬಳ್ಳಿ ಸುತ್ತಿಕೊಂಡರೆ ಮುಗಿಯಿತು. ಒಮ್ಮೆ ಹೆಮ್ಮಿಗೆಯ ಹತ್ತಿರ ಹಾಗೆ ಸಿಕ್ಕಿಕೊಂಡು, ಹುರುಳಿಯ ಒಡತಿಗೆ ರಸ್ತೆ ಯಾರಪ್ಪನದು ಎಂದು ಕೇಳಿದ್ದೆ. ಅವಳು ಅದಕ್ಕೆ ಉತ್ತರ ಕೊಡದೆ, ಚಕ್ರದಿಂದ ಬಳ್ಳಿ ಬಿಡಿಸಿ, ಉದುರಿದ ಕಾಳನ್ನು ಕಳೆದ ಮೂಗುಬೊಟ್ಟು ಹುಡುಕುವವಳ ಹಾಗೆ ಬಗ್ಗಿ ಹುಡುಕುತ್ತಿದ್ದಳು.

ಇನ್ನು ನಮ್ಮ ಮೇಷ್ಟ್ರು. ಮೇಷ್ಟ್ರು ಎಂದರೆ ನನ್ನ ಗಂಡ. ಅದೇ ಸೀಮೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾದಾಗ ಶಾಲೆಯ ಚೆಂಡು, ಬಲೆ, ಲೇಜಿಮು ಎಲ್ಲ ಒಪ್ಪಿಸಿ ಬಂದರು, ಕೊರಳಿನ ಸೀಟಿಯೊಂದನ್ನು ಬಿಟ್ಟು. ಗಾಡಿಯ ಜೊತೆ ಬಂದ ಸೂಚನೆಗಳ ಪುಸ್ತಕವನ್ನು ಅವರು ವಶಕ್ಕೆ ತೆಗೆದುಕೊಂಡು, ಮನೆಯ ಮುಂದೆ ನನ್ನನ್ನು ಗಾಡಿಯ ಮೇಲೆ ಕೂರಿಸಿ, ಒಂದೊಂದೇ ನಿಯಮವನ್ನು ಅಪ್ಪಣೆಯ ದನಿಯಲ್ಲಿ ಓದಿದರು. ಕೀಲಿ ತಿರುಗಿಸಿಟ್ಟು ಹತ್ತಬಾರದು, ಇಳಿಯಬಾರದು. ಹ್ಯಾಂಡಲು ಹಿಡಿದು ಮೇಲೇಳಬಾರದು. ಏರನ್ನೂ ಇಳಿಜಾರನ್ನೂ ನೇರವಾಗಿ ಹತ್ತಿ ಇಳಿಯಬೇಕೇ ಹೊರತು ಓರೆಯಾಗಿ ಅಲ್ಲ. ತಿರುವಿನಲ್ಲಿ ಆಮೆ. ಜನರ ನಡುವೆ ಆಮೆ. ಗಾಡಿ ಹಿಂದಕ್ಕೆ ಬಿಡುವಾಗ ಆಮೆಗಿಂತ ಆಮೆ. ಸೀರೆಯ ಬಗ್ಗೆ ಪುಸ್ತಕ ಏನನ್ನೂ ಹೇಳಿರಲಿಲ್ಲ. ಅದನ್ನು ಬರೆದ ದೇಶದಲ್ಲಿ ಸೆರಗಿಲ್ಲ ಎಂದು ಕಾಣುತ್ತದೆ. ಆ ನಿಯಮವನ್ನು ಮೇಷ್ಟ್ರೇ ಸೇರಿಸಿದರು: ಸೆರಗು ಸೊಂಟಕ್ಕೆ, ನೆರಿಗೆ ಮೊಣಕಾಲಿನ ಕೆಳಗೆ ಒತ್ತಿ.

"ಹಿಂದ್ಗಡೆ ಈ ಕೆಂಪು ಲಿವರ್ ಇದೆಯಲ್ಲ, ಇದನ್ನ ನೀನು ಮುಟ್ಟೋ ಹಾಗೇ ಇಲ್ಲ ಕಣೇ" ಎಂದು ಸೀಟಿನ ಹಿಂಬದಿಯನ್ನು ತೋರಿಸಿದರು. "ಮೇಲಕ್ಕೆತ್ತಿದರೆ ಮೋಟರಿಗೂ ಚಕ್ರಕ್ಕೂ ಸಂಬಂಧ ಬಿಟ್ಟು ಹೋಗುತ್ತೆ. ಗಾಡೀನ ಕೈಯಲ್ಲಿ ತಳ್ಳೋಕೆ ಮಾತ್ರ ಅದು. ಆಗ ಬ್ರೇಕೂ ಇರಲ್ಲ, ಏನೂ ಇರಲ್ಲ. ಮೇಲೆ ಮನುಷ್ಯರು ಕೂತಿರಬಾರದು."

ನಾನು ತಲೆಯಾಡಿಸಿದೆ. ಎಷ್ಟೋ ವರ್ಷ ನಾನು ನಿಯಮ ಹೇಳುವಾಗ ರೈತರು ಹೇಗೆ ತಲೆಯಾಡಿಸುತ್ತಿದ್ದರೋ ಹಾಗೆಯೇ ಆಡಿಸಿದೆ. ಕೈ ತೊಳೆಯದೆ ಹುಳುವಿಗೆ ಸೊಪ್ಪು ಹಾಕಬೇಡಿ ಎಂದರೆ ಅವರು ಅತ್ಯಂತ ಗೌರವದಿಂದ ಒಪ್ಪಿ, ಅದೇ ಕೈಯಿಂದ ಸೊಪ್ಪು ಹಾಕಿ, ನನಗೆ ಕಾಫಿ ಕೊಡುತ್ತಿದ್ದರು. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ನಿಯಮ ಕೇಳುವ ಕಡೆ ಕೂತ ಮೇಲೆ ಅವರ ಕಷ್ಟ ಗೊತ್ತಾಯಿತು. ನಿಯಮಗಳಿಗೆ ಒಂದು ತೂಕಡಿಕೆ ಬರಿಸುವ ಶಕ್ತಿಯಿದೆ.

ಆದರೂ ಕೆಲವನ್ನು ಕಲಿತೆ. ದಿನಾ ರಾತ್ರಿ ಚಾರ್ಜಿಗೆ ಹಾಕುತ್ತೇನೆ. ಮನೆಯಿಂದ ಹೊರಗೆ ಹೋಗದ ದಿನವೂ ಹಾಕುತ್ತೇನೆ. ಸುಮ್ಮನೆ ನಿಂತ ಬ್ಯಾಟರಿಯೂ ಸೊರಗುತ್ತದಂತೆ, ಕೂತಲ್ಲೇ ಕೂತ ಮನುಷ್ಯರ ಹಾಗೆ. ಬುಟ್ಟಿಗೆ ಹೆಚ್ಚು ಭಾರ ಹಾಕುವುದಿಲ್ಲ. ಇದು ಹೇಳಿದಷ್ಟು ಸುಲಭವಲ್ಲ. ಸಂತೆಯಿಂದ ಬರುವಾಗ ಗುರುತಿನ ಹೆಂಗಸರೆಲ್ಲ ತಮ್ಮ ಚೀಲಗಳನ್ನು ನನ್ನ ಹ್ಯಾಂಡಲಿಗೆ ತಗುಲಿಸಿ ಪಕ್ಕದಲ್ಲಿ ಕೈಬೀಸಿಕೊಂಡು ಬರುತ್ತಾರೆ. "ಎಂಗೂ ನೀವು ನಡೀತಿಲ್ವಲ್ಲ ಮೇಡಂ" ಎಂಬುದು ಅವರ ನ್ಯಾಯ. ಒಂದು ದಿನ ಇಡೀ ಬಾಳೆಗೊನೆಯನ್ನೇ ತಗುಲಿಸಿದರು. ಗಾಡಿಯ ಹಿಂಬದಿ ಮೇಲೇಳುತ್ತದೇನೋ ಅನ್ನಿಸಿ, ಅಲ್ಲೇ ನಿಲ್ಲಿಸಿ, ಗೊನೆ ಇಳಿಸುವ ತನಕ ಕದಲುವುದಿಲ್ಲ ಎಂದೆ.

ಆಯುಧಪೂಜೆಯಲ್ಲಿ ಮೇಷ್ಟ್ರೇ ನಿಯಮ ತಪ್ಪಿದರು. ಮೋಟರಿಗೆ ನೀರು ತಾಗಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂಬುದನ್ನು ಸ್ವತಃ ಓದಿ ಹೇಳಿದ್ದ ಮನುಷ್ಯ, ಹಬ್ಬದ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಪೈಪು ಹಿಡಿದು ನಿಂತಿದ್ದರು. ಗಾಡಿ ಎಂದ ಮೇಲೆ ಹಬ್ಬದ ದಿನ ತೊಳೆಯದೆ ಇರುವುದು ಹೇಗೆ? ನಾನು ಜಗುಲಿಯಿಂದ ಕೂಗಿದ್ದರಿಂದ ಅದು ಉಳಿಯಿತು. ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಹೆಬ್ಬೆರಳು ಒತ್ತಿದೆ. ಗಾಡಿ ನಿಂಬೆಹಣ್ಣನ್ನು ಮೂಸಿದ ಹಾಗೆ ಮಾಡಿ ಅಲ್ಲೇ ಉಳಿಯಿತು. ಮೊಲಕ್ಕೆ ತಿರುಗಿಸಿದರೂ ಅದಕ್ಕೆ ಹತ್ತಲಾಗಲಿಲ್ಲ. ಕೊನೆಗೆ ಮೇಷ್ಟ್ರು ಹಣ್ಣುಗಳನ್ನು ಚಾಕುವಿನಲ್ಲಿ ಹೋಳು ಮಾಡಿ ಕೊಟ್ಟ ಮೇಲೆ ಶಾಸ್ತ್ರ ಮುಗಿಯಿತು.

ದೇವರ ವಾಹನಗಳ ಬಗ್ಗೆ ನಾನು ಯೋಚಿಸಲು ತೊಡಗಿದ್ದು ಆ ದಿನದಿಂದ. ಅಷ್ಟು ಭಾರದ ಗಣಪತಿಗೆ ಇಲಿಯನ್ನು ಕೊಟ್ಟವರು ಯಾವ ಸೂಚನಾ ಪುಸ್ತಕವನ್ನೂ ಓದಿದವರಲ್ಲ. ಗರುಡ, ನವಿಲು, ಹಂಸ ಎಲ್ಲವೂ ಹಾರುವ ಜಾತಿ. ಅವನ್ನು ಏರಿ ಹೊರಟವರು ಇಳಿಜಾರಿಗೆ ಹೆದರಬೇಕಿಲ್ಲ. ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ನಮ್ಮ ನಂಜುಂಡೇಶ್ವರನ ನಂದಿ. ಅದು ಕಾಲು ಮಡಿಸಿ ಕೂತಿದೆ. ಒಡೆಯ ಬಂದು ಹತ್ತುವ ತನಕ ಅಲುಗಾಡುವುದಿಲ್ಲ, ತಾನಾಗಿ ಎಲ್ಲಿಗೂ ಹೊರಡುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ವಾಹನ ಇರಲಾರದು. ನನ್ನ ಗಾಡಿಯೂ ಇದೇ ಜಾತಿಯದು, ಕೈ ಎತ್ತಿದರೆ ನಿಲ್ಲುತ್ತದೆ, ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಎತ್ತಿನಗಾಡಿಯವನು ನಿದ್ದೆ ಹೋದರೂ ಎತ್ತುಗಳು ಮನೆಗೆ ನಡೆಯುತ್ತವೆ. ಇದು ಹಾಗಲ್ಲ, ನಾನಿದ್ದರೆ ಮಾತ್ರ ನಡೆಯುತ್ತದೆ. ಆ ಒಂದು ವಿಷಯದಲ್ಲಿ ನನಗೆ ಎಷ್ಟು ನಂಬಿಕೆ ಬಂದುಬಿಟ್ಟಿತ್ತೆಂದರೆ, ಉಳಿದದ್ದನ್ನೆಲ್ಲ ಮರೆತೆ.

ಈಗ ನನ್ನ ನಿಜವಾದ ಕಷ್ಟವನ್ನು ಹೇಳಬೇಕು. ಅದು ಸೀಟಿ. ನಾನು ಗಾಡಿಯಲ್ಲಿ ಹೊರಟರೆ ಮೇಷ್ಟ್ರು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು. ಎದುರಿಗೆ ಆಟೋ ಬಂದರೆ ಒಂದು ಸೀಟಿ, ತಿರುವು ಬಂದರೆ ಒಂದು ಸೀಟಿ, ನಾಯಿ ಮಲಗಿದ್ದರೆ ನಾಯಿಗೊಂದು ನನಗೊಂದು. ಅಂಗಡಿಯವರು ಸೀಟಿ ಕೇಳಿ ನಾನು ಬರುತ್ತಿದ್ದೇನೆಂದು ತಿಳಿಯುತ್ತಿದ್ದರು. ಎತ್ತಿಸಿಕೊಳ್ಳಬಾರದು ಎಂದು ತೆಗೆದುಕೊಂಡ ಗಾಡಿ. ಈಗ ಅಟ್ಟಿಸಿಕೊಂಡು ಹೋಗುವ ಹಾಗಾಯಿತು. ಅವರಿಗೆ ಭಯ. ಬಚ್ಚಲಲ್ಲಿ ನಾನು ಬಿದ್ದಿದ್ದಾಗ ಮೊದಲು ನೋಡಿದವರು ಅವರು. ಅದು ನನಗೂ ಗೊತ್ತು. ಗೊತ್ತಿದ್ದೂ, ಒಂದೇ ಒಂದು ಸಲ ಹಿಂದೆ ಯಾರೂ ಇಲ್ಲದೆ ಹೋಗಬೇಕು ಎಂಬ ಆಸೆ ನನ್ನನ್ನು ಹಿಡಿದುಕೊಂಡಿತ್ತು.

ಸುಂದ್ರಮ್ಮನ ಮೊಮ್ಮಗುವಿನ ನಾಮಕರಣ ಹೆಮ್ಮಿಗೆಯಲ್ಲಿ ಎಂದು ಫೋನು ಬಂದಾಗ ನಾನು ಮೇಷ್ಟ್ರ ಜೊತೆ ಮಾತಿಗೆ ಕೂತೆ. ಅಲ್ಲಿ ನಾಲೆಯ ಏರಿಯಿಂದ ಸುಂದ್ರಮ್ಮನ ಮನೆಯ ತನಕ ನಾನೊಬ್ಬಳೇ ಗಾಡಿಯಲ್ಲಿ ಹೋಗುತ್ತೇನೆ, ನೀವು ಮುಟ್ಟಬಾರದು, ಸೀಟಿ ಊದಬಾರದು ಎಂದೆ.

"ಏನಾದ್ರೂ ಆದ್ರೆ?"

"ಆದ್ರೆ ಗಾಡಿ ಅತ್ತ ಸೌದೆ ಕೊಟ್ಟಿಗೇಲಿರಲಿ. ಮತ್ತೆ ಹತ್ತೋದಿಲ್ಲ. ಏನೂ ಆಗ್ಲಿಲ್ಲ ಅಂದ್ರೆ ಸೀಟಿ ಮೊಳೆಗೆ."

ಅವರು ಬಹಳ ಹೊತ್ತು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿ, ಕೊನೆಗೆ ಆಗಲಿ ಎಂದರು.

ಗೂಡ್ಸ್ ಆಟೋದಲ್ಲಿ ಹೊರಟೆವು. ನಾನು ಡ್ರೈವರ್ ಪಕ್ಕದಲ್ಲಿ, ಹಿಂದೆ ಹಗ್ಗ ಬಿಗಿದ ಗಾಡಿ, ಗಾಡಿಯ ಪಕ್ಕ ಕಾವಲಿಗೆ ಮೇಷ್ಟ್ರು. ಸುಗ್ಗಿಯ ಬಿಸಿಲು ಹದವಾಗಿತ್ತು. ಹೆಮ್ಮಿಗೆಯ ನಾಲೆಯ ಏರಿಯ ಮೇಲೆ ಆಟೋ ನಿಂತಿತು. ಅಲ್ಲಿಂದ ಊರಿನೊಳಕ್ಕೆ ರಸ್ತೆ ನೇರವಾಗಿ ಇಳಿಯುತ್ತದೆ. ಇಳಿದು ಸಮನಾದ ಜಾಗದಲ್ಲಿ ಯಾರೋ ಹುರುಳಿ ಹಾಸಿದ್ದರು. ಅದರಾಚೆ ಸುಂದ್ರಮ್ಮನ ಮನೆಯ ಚಪ್ಪರ ಕಾಣುತ್ತಿತ್ತು. ಹುರುಳಿ ನೋಡಿ ನನ್ನ ಹಳೆಯ ಸಿಟ್ಟು ಒಮ್ಮೆ ಮೈಮುರಿಯಿತು. ಪಕ್ಕದಲ್ಲಿ ಸರಿದು ಹೋಗಲು ಜಾಗವಿದೆ, ಹೋದರಾಯಿತು ಎಂದುಕೊಂಡೆ.

ಮೇಷ್ಟ್ರು ಹಲಗೆ ಇಟ್ಟು, ಹಿಂದಿನ ಕೆಂಪು ಲಿವರ್ ಎತ್ತಿ, ಗಾಡಿಯನ್ನು ಮೆಲ್ಲಗೆ ಉರುಳಿಸಿ ಇಳಿಸಿದರು. ಲಿವರನ್ನು ಮತ್ತೆ ಕೆಳಗೆ ಒತ್ತಬೇಕು, ಅಷ್ಟರಲ್ಲಿ, "ಸಾ! ನಮ್ ಡ್ರಿಲ್ ಸಾ!" ಎಂದು ಕೂಗುತ್ತ ನರೆಗೂದಲಿನ ಒಬ್ಬ ಬಂದು ಅವರ ಕಾಲಿಗೆ ಬಿದ್ದ. ಅವರ ಹಳೆಯ ಶಿಷ್ಯ. ಅವನ ಹಿಂದೆ ಇನ್ನಿಬ್ಬರು ಬಂದರು. ಮೇಷ್ಟ್ರಿಗೆ ಜಗತ್ತು ಮರೆತುಹೋಯಿತು. ಒಬ್ಬೊಬ್ಬರ ಬೆನ್ನು ತಟ್ಟಿ, ಹೊಟ್ಟೆ ಬಂದದ್ದಕ್ಕೆ ಬೈಯುತ್ತ ನಿಂತರು.

ನಾನು ಗಾಡಿ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಲಿ ತಿರುಗಿಸಿ, ಹೆಬ್ಬೆರಳು ಒತ್ತಿದೆ. ಗಾಡಿ ಕೀಂ ಕೀಂ ಎಂದಿತೇ ಹೊರತು ಕದಲಲಿಲ್ಲ. ಏನೋ ಸರಿಯಿಲ್ಲ ಎಂದು ಅದು ಹೇಳುತ್ತಿತ್ತು. ಮೇಷ್ಟ್ರನ್ನು ಕೂಗಿದ್ದರೆ ಆಗುತ್ತಿತ್ತು. ಕೂಗಿದರೆ ಒಪ್ಪಂದ ಮುರಿಯುತ್ತದಲ್ಲ ಎಂದು ನಾನು ಸುಮ್ಮನಿದ್ದೆ. ಅಷ್ಟರಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಸುಂದ್ರಮ್ಮ ಇಬ್ಬರು ಗಟ್ಟಿ ಆಳುಗಳ ಜೊತೆ ಏರಿ ಹತ್ತಿ ಬಂದಳು.

"ಚಾರ್ಜ್ ಓಗದೇನೋ ಕಣತ್ಗೆ" ಎಂದಳು. "ಬುಡಿ, ಯೋಚ್ನೆ ಮಾಡ್ಬೇಡಿ. ಲೋ, ಎರಡ್ ಸಲ ತಳ್ರೋ, ಸ್ಟಾರ್ಟ್ ಆಯ್ತದೆ."

ನಿಂತ ಗಾಡಿಯನ್ನು ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂಬುದು ನಮ್ಮ ಜನದ ಗಟ್ಟಿ ನಂಬಿಕೆ. ಬಸ್ಸು, ಜೀಪು, ಟ್ರ್ಯಾಕ್ಟರು ಎಲ್ಲವನ್ನೂ ಅವರು ಹಾಗೆಯೇ ನಡೆಸಿದ್ದಾರೆ. ಬ್ಯಾಟರಿ ಕುರ್ಚಿಯನ್ನೂ ಅವರು ಬಿಡಲಿಲ್ಲ. ನನಗೆ ಗೊತ್ತಿರಬೇಕಿತ್ತು. ಆದರೆ ಮೇಷ್ಟ್ರು ಮುಟ್ಟಬಾರದು ಎಂದಷ್ಟೇ ಮಾತಾಗಿತ್ತು, ಬೇರೆಯವರು ತಳ್ಳಬಾರದು ಎಂದಿರಲಿಲ್ಲ ಎಂಬ ವಕೀಲಿಕೆ ನನ್ನೊಳಗೆ ನಡೆಯಿತು. ಇಬ್ಬರೂ ತಳ್ಳಿದರು. ಗಾಡಿ ಹಗುರವಾಗಿ ಮುಂದೆ ಹೋಯಿತು.

ಇಳಿಜಾರು ಶುರುವಾಗುವ ಕಡೆ, ಬೇವಿನ ಮರದ ಕೆಳಗೆ, ಮಾರಮ್ಮನ ಪುಟ್ಟ ಗುಡಿ ಇದೆ. ಆ ದಾರಿಯಲ್ಲಿ ಹೋಗುವವರು ಯಾರೂ ಅಲ್ಲಿ ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. ಎಡಗಡೆ ತಳ್ಳುತ್ತಿದ್ದವನು ಸೀಟು ಬಿಟ್ಟು ಕೈ ಮುಗಿದ. ಬಲಗಡೆಯವನೂ ಮುಗಿದ. ಸುಂದ್ರಮ್ಮ ಸೆರಗು ತಲೆಗೆಳೆದುಕೊಂಡು ಮುಗಿದಳು. ಕೈ ಎತ್ತಿದರೆ ಗಾಡಿ ನಿಲ್ಲುತ್ತದೆ ಎಂಬ ಪೂರ್ತಿ ಭರವಸೆಯಿಂದ ನಾನೂ ಎರಡು ಕೈ ಜೋಡಿಸಿ ಕಣ್ಣು ಮುಚ್ಚಿದೆ.

ಎಲ್ಲರ ಕೈಗಳೂ ಎದೆಯ ಹತ್ತಿರವೇ ಇದ್ದವು. ಗಾಡಿ ಹೊರಟಿತು.

ಕಣ್ಣು ಬಿಟ್ಟಾಗ ಬೇವಿನ ಮರ ಹಿಂದೆ ಹೋಗಿತ್ತು. ಹೆಬ್ಬೆರಳು ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಗಾಡಿಗೆ ಅದರ ಪರಿವೆಯೇ ಇರಲಿಲ್ಲ. ಆಮೆಯೂ ಮೊಲವೂ ಅಲ್ಲದ ಇನ್ನೊಂದು ಪ್ರಾಣಿಯಾಗಿ ಅದು ಇಳಿಯುತ್ತಿತ್ತು. ನೇರವಾಗಿ ಇಳಿಯಬೇಕು ಎಂಬ ಒಂದು ನಿಯಮ ಮಾತ್ರ ಆ ಹೊತ್ತಿನಲ್ಲಿ ನೆನಪಿಗೆ ಬಂತು. ಹ್ಯಾಂಡಲನ್ನು ಅಲುಗಾಡದ ಹಾಗೆ ಹಿಡಿದೆ. ಭಯವಾಯಿತು, ಚೆನ್ನಾಗಿಯೇ ಆಯಿತು. ಹಿಂದಿನಿಂದ ಮೇಷ್ಟ್ರ ಸೀಟಿ ಕೇಳಿಸಿತು. ಜೀವಮಾನದಲ್ಲಿ ಅವರು ಅಷ್ಟು ಜೋರಾಗಿ ಊದಿರಲಿಕ್ಕಿಲ್ಲ. ಅದರಿಂದ ಒಂದು ಅನಾಹುತವಾಯಿತು. ನನ್ನ ಹಿಂದೆ ಓಡಿಬರುತ್ತಿದ್ದ ಅವರ ಶಿಷ್ಯರು, ಹುಡುಗರಾಗಿದ್ದಾಗ ಕಲಿತದ್ದು ಮೈಯೊಳಗೇ ಇತ್ತಲ್ಲ, ಸೀಟಿ ಕೇಳಿದೊಡನೆ ಇದ್ದಲ್ಲೇ ಸೆಟೆದು ನಿಂತುಬಿಟ್ಟರು. ಇದನ್ನು ಆಮೇಲೆ ಸುಂದ್ರಮ್ಮ ಹೇಳಿದಳು. ನನಗೆ ಆಗ ಕಾಣುತ್ತಿದ್ದದ್ದು ಹುರುಳಿ ಒಂದೇ.

ಪಕ್ಕಕ್ಕೆ ಸರಿಯುವ ಮಾತೇ ಇರಲಿಲ್ಲ. ನೇರವಾಗಿ ನುಗ್ಗಿದೆ. ಬಳ್ಳಿ ಚಕ್ರಗಳಿಗೆ ಸುತ್ತಿತು, ಅಚ್ಚಿಗೆ ಸುತ್ತಿತು, ಬರಬರ ಸದ್ದಾಯಿತು, ಗಾಡಿ ತಡವರಿಸಿತು, ಇನ್ನಷ್ಟು ಬಳ್ಳಿಯನ್ನು ಎಳೆದುಕೊಂಡು ಮೊಣಕಾಲೆತ್ತರದ ಗುಡ್ಡೆ ಮಾಡಿಕೊಂಡು, ಅದರಲ್ಲಿ ಮೂಗು ಹುದುಗಿಸಿ ನಿಂತಿತು. ನಾನು ಸೀಟಿನ ಮೇಲೇ ಇದ್ದೆ. ಹ್ಯಾಂಡಲು ಹಿಡಿದ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ರಸ್ತೆಯ ಅಂಚಿನಲ್ಲಿ ಮೊರ ಹಿಡಿದು ಕೂತಿದ್ದ ಮುದುಕಿ ಎದ್ದು ಬಂದು ನನ್ನ ಮುಖವನ್ನು ಬಗ್ಗಿ ನೋಡಿದಳು.

"ರೇಸ್ಮೆ ಮೇಡಮ್ಮೋರಲ್ವಾ? ನಾನು ಚಿಕ್ಕತಾಯಿ ಕಣವ್ವ. ಅವತ್ತು ನಮ್ ಹುಳ್ಳಿ ಮ್ಯಾಲೆ ಬಿದ್ದು ಬೈದ್ಬುಟ್ಟು ಓಗಿದ್ರಿ. ಇವತ್ತು ಅದೇ ಇಡ್ಕಂತು ನೋಡಿ." ಆಮೇಲೆ ಅವಳು ಗಾಡಿ ಹರಿದು ಬಂದ ಹಾದಿಯನ್ನು ಕಾಲಿನಿಂದ ಕೆದಕಿದಳು. "ಇಷ್ಟ್ ದೂರ ಬಂದ್ರೂ ಒಂದ್ ಕಾಳೂ ಉದುರ್ನಿಲ್ವಲ್ಲವ್ವ. ತೂಕ್ವೇ ಇಲ್ಲ ನಿಮ್ ಗಾಡೀಲಿ."

ನನಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಓಡಿ ಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಏರಿಯ ಮೇಲೇ ಉಳಿದಿತ್ತು. ನನ್ನ ತಲೆ, ತೋಳು, ಕಾಲು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಗಾಡಿಯ ಹಿಂದೆ ಹೋಗಿ, ಮೇಲೆದ್ದಿದ್ದ ಕೆಂಪು ಲಿವರನ್ನು ನೋಡುತ್ತ ನಿಂತರು. ನೆಲದ ಮೇಲೆ ಕೂತು ಚಕ್ರದ ಬಳ್ಳಿಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು. ಸೌದೆ ಕೊಟ್ಟಿಗೆಯ ಮಾತನ್ನು ಅವರು ಎತ್ತುತ್ತಾರೆ, ನಾನು ಹೇಗೆ ವಾದಿಸಬೇಕು ಎಂದು ಯೋಚಿಸುತ್ತಿದ್ದ ನನಗೆ, ಒಂದೇ ಚಪ್ಪಲಿಯಲ್ಲಿ ಕೂತ ಅವರನ್ನು ನೋಡಿ ವಾದವೆಲ್ಲ ಮರೆತುಹೋಯಿತು.

"ಎತ್ತಿದವನು ನಾನು ಕಣೇ. ಇಳಿಸೋದು ಮರೆತೆ" ಎಂದರು ತಲೆ ಎತ್ತದೆ.

"ಅದು ಕೀಂ ಅಂತಾನೇ ಇತ್ತು. ನಿಮ್ಮನ್ನ ಕೂಗಬಾರದು ಅಂತ ನಾನೂ ಸುಮ್ಮನಿದ್ದೆ" ಎಂದೆ.

ಬಳ್ಳಿ ಪೂರ್ತಿ ಬಿಟ್ಟ ಮೇಲೆ ಅವರು ಲಿವರನ್ನು ಕೆಳಕ್ಕೆ ಒತ್ತಿ, ಗಾಡಿಯನ್ನು ಎರಡು ಕೈಯಿಂದ ತಳ್ಳಿ ನೋಡಿದರು. ಕದಲಲಿಲ್ಲ. ಮತ್ತೊಮ್ಮೆ ತಳ್ಳಿ ನೋಡಿದರು. ಕೊರಳಿನಿಂದ ಸೀಟಿ ತೆಗೆದು ನನ್ನ ಬುಟ್ಟಿಗೆ ಹಾಕಿದರು.

"ಇದು ನಿನ್ನ ಹತ್ರ ಇರಲಿ. ನಾನು ಬೇಕು ಅಂದಾಗ ಊದು."

ಅಲ್ಲಿಂದ ಚಪ್ಪರದ ತನಕ ನಾನೊಬ್ಬಳೇ ಹೋದೆ. ಮನೆಯ ಮುಂದೆ ಸುಂದ್ರಮ್ಮನ ಅಳಿಯ ಮೆಟ್ಟಿಲಿಗೆ ಹಲಗೆ ಹಾಕಿಟ್ಟಿದ್ದ. ವಾಲಗದವರು ಇರಲಿಲ್ಲ. ನೇರವಾಗಿ ಹತ್ತಿ, ಆಮೆಯ ವೇಗದಲ್ಲಿ, ಚಕ್ರಕ್ಕೆ ಇನ್ನೂ ಅಂಟಿದ್ದ ಹುರುಳಿ ಸಿಪ್ಪೆಯ ಸಮೇತ ಒಳಗೆ ಹೋದೆ. ತೊಟ್ಟಿಲಲ್ಲಿದ್ದ ಮಗು ಯಾವುದನ್ನೂ ಗಮನಿಸದೆ ನಿದ್ದೆ ಮಾಡುತ್ತಿತ್ತು. ಆ ದಿನ ಊಟ ಚೆನ್ನಾಗಿ ಸೇರಿತು.

ಈಗ ನಾನು ಹೊರಡುವ ಮೊದಲು ಹಿಂದೆ ಕೈ ಚಾಚಿ ಕೆಂಪು ಲಿವರನ್ನು ಮುಟ್ಟಿ ನೋಡುತ್ತೇನೆ. ಗಾಡಿ ಕೀಂ ಎಂದರೆ ಇಳಿದುಬಿಡುತ್ತೇನೆ. ತಳ್ಳಲು ಬಂದವರಿಗೆ ಕೈ ಮುಗಿಯುತ್ತೇನೆ. ಆ ಕೈ ಮುಗಿಯುವುದರಿಂದ ಯಾವ ಅಪಾಯವೂ ಇಲ್ಲ. ದೇವಸ್ಥಾನದ ಮುಂದೆ ಹಾದುಹೋಗುವಾಗ ತಲೆ ಮಾತ್ರ ಬಾಗಿಸುತ್ತೇನೆ, ಆಟೋದವರ ಹಾಗೆ. ಮೇಷ್ಟ್ರು ಮನೆಯಲ್ಲೇ ಇರುತ್ತಾರೆ. ಅಂದರೆ, ಜಗುಲಿಯಲ್ಲಿ ಪೇಪರು ಹಿಡಿದು, ಓದದೆ ಕೂತಿರುತ್ತಾರೆ. ನಾನು ಬಂದು ಗಾಡಿ ನಿಲ್ಲಿಸಿದಾಗ ಪೇಪರು ಬಹಳ ಸಲ ತಲೆಕೆಳಗಾಗಿರುತ್ತದೆ.

ಇಷ್ಟು ದಿನ ಹಿಂದೆ ಯಾರೂ ಇರಬಾರದು ಎಂದು ಹಟ ಹಿಡಿದವಳು, ಆಗಲೂ ತಿರುವಿನಲ್ಲಿ ಸೀಟಿ ಕೇಳದಿದ್ದರೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಹೋದ ವಾರ, ನಮ್ಮ ಬೀದಿಯ ತುದಿಯಲ್ಲಿ ಒಬ್ಬ ತಳ್ಳುಗಾಡಿಯಲ್ಲಿ ರಸಬಾಳೆ ತಂದಿದ್ದ. ನಿಜವಾದ ರಸಬಾಳೆ ಈಗ ನಂಜನಗೂಡಿನಲ್ಲೇ ಅಪರೂಪ. ವಾಸನೆ ದೂರಕ್ಕೇ ಬರುತ್ತಿತ್ತು. ಅಪಾಯವೇನೂ ಇರಲಿಲ್ಲ, ಆಟೋ ಇರಲಿಲ್ಲ, ನಾಯಿಯೂ ಇರಲಿಲ್ಲ. ನಾನು ಬುಟ್ಟಿಯಿಂದ ಸೀಟಿ ತೆಗೆದು ಊದಿದೆ.

ಮೇಷ್ಟ್ರು ಓಡಿಬಂದರು. ಅಂಗಿಯ ಗುಂಡಿಗಳು ಒಂದರ ಮನೆಗೆ ಒಂದು ಸೇರಿದ್ದವು.

"ಏನಾಯ್ತೇ?"

"ಏನಿಲ್ಲ. ಹಣ್ಣು ಚೆನ್ನಾಗಿದೆ. ಒಂದು ಚಿಪ್ಪು ತಗೊಳ್ಳೋಣವಾ ಅಂತ."

ಅವರು ಒಂದಿಷ್ಟು ಬೈದರು. ಬೈಯುತ್ತಲೇ ಹಣ್ಣನ್ನು ಆರಿಸಿದರು. ಚಿಪ್ಪನ್ನು ಬುಟ್ಟಿಯಲ್ಲಿಟ್ಟು, ಭಾರವಾಯಿತೇನೋ ಎಂದು ನೋಡಿ, ಮತ್ತೆ ತೆಗೆದು ತಾವೇ ಹಿಡಿದುಕೊಂಡರು. ದೇವಸ್ಥಾನದ ಕಡೆಯಿಂದ ಸುತ್ತಿ ಮನೆಗೆ ಹೋಗೋಣ ಎಂದೆ. ನಾನು ಮೊಲವನ್ನು ಆಮೆಗೆ ತಿರುಗಿಸಿದೆ. ಅವರು ಹಿಂದೆ ಉಳಿಯದೆ ಪಕ್ಕದಲ್ಲಿ ನಡೆದರು. ಗೋಪುರದ ಎದುರು ಬಂದಾಗ ರಸ್ತೆಯ ಅಂಚಿಗೆ ಸರಿದು, ಹಿಂದೆ ಯಾರೂ ಬರುತ್ತಿಲ್ಲ ಎಂದು ನೋಡಿಕೊಂಡು, ಬಹಳ ದಿನಗಳ ಮೇಲೆ ಎರಡು ಕೈಯನ್ನೂ ಎತ್ತಿ ಮುಗಿದೆ. ಗಾಡಿ ನಿಂತಿತು. ಬಾಳೆಹಣ್ಣು ಹಿಡಿದ ಕೈಯಲ್ಲೇ ಎದೆ ಮುಟ್ಟಿಕೊಂಡು ಮೇಷ್ಟ್ರೂ ನಿಂತರು.